ಗದೆ ಹೊರುವ ಅಡಕೋಲೆಯ ಮಂಗಳವಾರ

ಆ ಮಂಗಳವಾರ ಅಡಕೋಲೆ ಒಂದು ಗಂಟೆ ಮುಂಚೆ ಕೆಲಸಕ್ಕೆ ಹೋದ. ಆಮೇಲೆ ನಡೆದ ಸಮಸ್ತ ಅನಾಹುತಕ್ಕೂ ಕಾರಣ ಅಷ್ಟೇ.

ಕರ್ತವ್ಯನಿಷ್ಠೆ ಉಕ್ಕಿ ಬಂದು ಹೋದದ್ದಲ್ಲ. ಮಧ್ಯಾಹ್ನ ಹನ್ನೆರಡಕ್ಕೆ ಸೊಕೋಟೊ ಕಡೆಗೆ ಬಸ್ಸು ಹೊರಡುತ್ತಿತ್ತು. ಅದರ ಡ್ರೈವರನ ಕೈಗೆ ಒಂದು ಡಬ್ಬಿ ಒಣಮೀನು ಕೊಟ್ಟು, ಅಲ್ಲಿರುವ ಹೆಂಡತಿಗೆ ಮುಟ್ಟಿಸಬೇಕಿತ್ತು. ಬೇಗ ಹೋಗಿ ಬೇಗ ಗದೆ ಒರೆಸಿಟ್ಟರೆ ಹನ್ನೊಂದಕ್ಕೆಲ್ಲ ತಪ್ಪಿಸಿಕೊಂಡು ಬಸ್‌ಸ್ಟ್ಯಾಂಡಿಗೆ ಓಡಬಹುದು ಎಂಬ ಎಣಿಕೆಯಿಂದ, ಹಿಂದಿನ ದಿನವೇ ಶಾಸನಸಭೆಯ ಕಾರ್ಯದರ್ಶಿ ಇಯೋರ್ಫರ ಕೈಕಾಲು ಹಿಡಿದು ಗದೆ ಇಡುವ ಬೀರುವಿನ ಬೀಗದಕೈ ಇಸಿದುಕೊಂಡಿದ್ದ.

ಅವನ ಹೆಂಡತಿ ಒಚಾನ್ಯ ಪೊಲೀಸ್ ಸಾರ್ಜೆಂಟು. ಪೊಲೀಸರೆಂದರೆ ರಾಜಧಾನಿ ಅಬುಜದವರು, ಕೇಂದ್ರದ ಸೊತ್ತು. ದೇಶದ ಅಧ್ಯಕ್ಷರ ಸರ್ಕಾರ ಎಲ್ಲಿಗೆ ಹೋಗು ಎಂದರೆ ಅಲ್ಲಿಗೆ ಹೋಗಬೇಕು. ಅಡಕೋಲೆಯೋ ಒಕ್ಪಾರೆ ಪಟ್ಟಣದ ರಾಜ್ಯ ಶಾಸನಸಭೆಯ ನೌಕರ. ರಾಜ್ಯದ ಗಡಿ ದಾಟಿದರೆ ಅವನ ನೌಕರಿಗೆ ಉಸಿರಿಲ್ಲ. ಏಳು ವರ್ಷದ ಹಿಂದೆ ಪಾದ್ರಿ ಇಬ್ಬರನ್ನೂ ಒಂದು ಮಾಡಿದ್ದರು ನಿಜ. ಆದರೆ ಸಂವಿಧಾನ ಗಂಡನನ್ನು ರಾಜ್ಯದ ಪಟ್ಟಿಯಲ್ಲೂ ಹೆಂಡತಿಯನ್ನು ಕೇಂದ್ರದ ಪಟ್ಟಿಯಲ್ಲೂ ಬರೆದಿಟ್ಟಿತ್ತು. ಈ ಏಳು ವರ್ಷದಲ್ಲಿ ಅವರು ಒಂದೇ ಸೂರಿನಡಿ ಮಲಗಿ ಎದ್ದ ದಿನಗಳು ನೂರ ಹನ್ನೊಂದು. ಅಡಕೋಲೆ ಹಳೆಯ ಕ್ಯಾಲೆಂಡರುಗಳನ್ನೆಲ್ಲ ಬಿಸಾಡದೆ ಇಟ್ಟುಕೊಂಡಿದ್ದ. ಆ ನೂರ ಹನ್ನೊಂದಕ್ಕೂ ಸುತ್ತು ಹಾಕಿದ್ದ.

ಒಚಾನ್ಯ ನಿದ್ದೆಯಲ್ಲಿ ಡೀಸೆಲ್ ಜನರೇಟರಿನಂತೆ ಗೊರಕೆ ಹೊಡೆಯುತ್ತಿದ್ದಳು. ಮದುವೆಯಾದ ಹೊಸತರಲ್ಲಿ ಅಡಕೋಲೆ ಕಿವಿಗೆ ಹತ್ತಿ ತುರುಕಿಕೊಂಡಿದ್ದುಂಟು. ಈಗ ಪಕ್ಕದ ಮನೆಯವರು ಜನರೇಟರ್ ಹಾಕಿದ ರಾತ್ರಿ ಮಾತ್ರ ಅವನಿಗೆ ನೆಮ್ಮದಿಯ ನಿದ್ದೆ. ಕರೆಂಟು ಬಂದು ಜನರೇಟರ್ ನಿಂತರೆ ಊರೆಲ್ಲ ಚಪ್ಪಾಳೆ ತಟ್ಟುತ್ತಿತ್ತು. ಇವನೊಬ್ಬ ಎದ್ದು ಕೂತುಬಿಡುತ್ತಿದ್ದ.

ಇನ್ನು ಗದೆ. ಆಳೆತ್ತರದ ಗಟ್ಟಿ ಮರ, ಮೇಲೆಲ್ಲ ಚಿನ್ನದ ಬಣ್ಣ, ತುದಿಗೊಂದು ರೆಕ್ಕೆ ಬಿಚ್ಚಿದ ಹದ್ದು. ಬಿಳಿ ಕೈಗವಸು ಹಾಕಿಕೊಂಡು ಅದನ್ನು ಹೊತ್ತು ಸಭಾಧ್ಯಕ್ಷರ ಮುಂದೆ ನಡೆಯುವುದು ಅಡಕೋಲೆಯ ಕೆಲಸ. ಗದೆ ಮೇಜಿನ ಮೇಲಿದ್ದರೆ ಅದು ಶಾಸನಸಭೆ; ಇಲ್ಲದಿದ್ದರೆ ಇಪ್ಪತ್ತು ಜನ ಹರಟೆ ಹೊಡೆಯುವ ಜಾಗ. ಈ ಗುಟ್ಟು ಊರಿನ ದೊಡ್ಡವರಿಗೆಲ್ಲ ಗೊತ್ತಿತ್ತು.

ಆ ತಿಂಗಳು ದೊಡ್ಡವರೊಳಗೆ ಜಗಳ ಬಿದ್ದಿತ್ತು. ಜನರ ಓಟಿನಿಂದ ಗೆದ್ದು ರಾಜ್ಯ ಆಳುತ್ತಿದ್ದ ಗವರ್ನರ್, ತಮ್ಮ ಭಾವಮೈದುನನನ್ನು ರಾಜ್ಯದ ಮುಖ್ಯ ನ್ಯಾಯಾಧೀಶನನ್ನಾಗಿ ಮಾಡಲು ಹೊರಟಿದ್ದರು. ಅದಕ್ಕೆ ಶಾಸನಸಭೆಯ ಒಪ್ಪಿಗೆ ಬೇಕು. ಸಭಾಧ್ಯಕ್ಷ ಅಗಾಬಾ ಒಲ್ಲೆ ಎಂದರು. ಇಪ್ಪತ್ತು ಸದಸ್ಯರಲ್ಲಿ ಒಂಬತ್ತು ಮಂದಿ ಗವರ್ನರ್ ಕಡೆಗಾದರು, ಹನ್ನೊಂದು ಮಂದಿ ಅಗಾಬಾ ಕಡೆಗಾದರು.

ಬೆಳಿಗ್ಗೆ ಏಳಕ್ಕೆ ಅಡಕೋಲೆ ಮೆಟ್ಟಿಲ ಮೇಲೆ ಕೂತು ಎಣ್ಣೆಬಟ್ಟೆಯಿಂದ ಹದ್ದಿನ ಮೂಗು ಒರೆಸುತ್ತಿದ್ದಾಗ ಜೀಪೊಂದು ಬಂದು ನಿಂತಿತು. ಇಳಿದವನು ಗವರ್ನರರ ಆಪ್ತ ತೆರ್ಸೂ.

"ಅರೆ, ಬೀರು ಒಡೆಯೋಕೆ ಅಂತ ಹಾರೆ ತಂದಿದ್ದೆ. ನೀನು ಹೊರಗೇ ಇಟ್ಕೊಂಡು ಕೂತಿದ್ದೀಯ! ಕೊಡಿಲ್ಲಿ."

"ಓಗಾ, ಯಜಮಾನ್ರೇ, ಇದು ಸಭೆಯ ಗದೆ..."

"ಸಭೆ ಈಗ ಗವರ್ನರ ಅತಿಥಿಗೃಹದಲ್ಲಿ ಸೇರಿದೆ. ಒಂಬತ್ತು ಜನ ಚಹಾ ಕುಡೀತಾ ಕಾಯ್ತಿದ್ದಾರೆ. ಗದೆ ಬಂದ ತಕ್ಷಣ ಅಗಾಬಾನ್ನ ಇಳಿಸಿಬಿಡ್ತಾರೆ. ಹೇಳು, ನಿನಗೇನು ಬೇಕು? ಬಡ್ತಿ? ಮನೆ? ಮೋಟಾರ್ ಸೈಕಲ್?"

ಅಡಕೋಲೆಗೆ ಬೇಕಾದದ್ದು ಒಂದೇ. ಯಾರಾದರೂ ಕೇಳಲಿ ಎಂದು ಏಳು ವರ್ಷದಿಂದ ನಾಲಿಗೆಯ ತುದಿಯಲ್ಲಿ ಇಟ್ಟುಕೊಂಡಿದ್ದ. "ನನ್ನ ಹೆಂಡ್ತಿನ ಸೊಕೋಟೊದಿಂದ ಇಲ್ಲಿಗೆ ವರ್ಗ ಮಾಡಿಸಿ, ಓಗಾ. ಪೊಲೀಸು."

ತೆರ್ಸೂನ ಮುಖ ಗಾಳಿ ಹೋದ ಟೈರಿನಂತಾಯಿತು. "ಅದು ಅಬುಜದ್ದು ಕಣಯ್ಯಾ. ಗವರ್ನರಿಗೆ ತಮ್ಮ ಗೇಟು ಕಾಯೋ ಪೇದೇನೇ ಬದಲಾಯಿಸೋಕಾಗಲ್ಲ. ಮೋಟಾರ್ ಸೈಕಲ್ ತಗೋ."

ಅಷ್ಟರಲ್ಲಿ ಇನ್ನೊಂದು ಕಾರು ಧೂಳೆಬ್ಬಿಸಿಕೊಂಡು ಬಂತು. ಅಗಾಬಾ ರಾತ್ರಿಯ ಲುಂಗಿಯಲ್ಲೇ ಇಳಿದು ಓಡಿಬಂದರು. ಅವರ ಹೊಟ್ಟೆ ಅರ್ಧ ಹೆಜ್ಜೆ ಮುಂಚೆ ತಲುಪಿತು. ಬಂದವರೇ ಗದೆಯ ಬುಡ ಹಿಡಿದರು. ತೆರ್ಸೂ ಹದ್ದಿನ ಕತ್ತು ಹಿಡಿದ. ನಡುವೆ ಅಡಕೋಲೆ.

"ಅಡಕೋಲೆ, ನೀನು ಸಭೆಯ ಆಳು! ಎಳಿ!"

"ಅಡಕೋಲೆ, ರಾಜ್ಯಕ್ಕೆ ಯಜಮಾನ್ರು ಗವರ್ನರ್! ಬಿಡು!"

"ಸಭಾಧ್ಯಕ್ಷರೇ," ಎಂದ ಅಡಕೋಲೆ ಆಚೀಚೆ ತೂಗಾಡುತ್ತ, "ನನ್ನ ಹೆಂಡ್ತಿ ವರ್ಗದ ವಿಷಯ..."

"ಅದು ಕೇಂದ್ರದ್ದು, ಮಾರಾಯ! ಮೊದಲು ಎಳಿ!"

ಈ ಹಗ್ಗಜಗ್ಗಾಟ ಎಲ್ಲಿಗೆ ಮುಟ್ಟುತ್ತಿತ್ತೋ. ಸೈಕಲ್ಲಿನ ಹಿಂದೆ ಅಂಟಿನ ಡಬ್ಬಿ ಕಟ್ಟಿಕೊಂಡ ಕೋರ್ಟಿನ ಅಮೀನ ಬಂದು, ಯಾರ ಮುಖವನ್ನೂ ನೋಡದೆ, ಬಾಗಿಲಿಗೆ ಒಂದು ಕಾಗದ ಅಂಟಿಸಿ, ಗಂಟಲು ಸರಿಮಾಡಿಕೊಂಡು ಓದಿದ: ಗದೆಯ ವಿಷಯದಲ್ಲಿ ಮುಂದಿನ ಆದೇಶದವರೆಗೆ ಯಥಾಸ್ಥಿತಿ, ಈ ಕ್ಷಣ ಯಾರ ಸ್ವಾಧೀನದಲ್ಲಿದೆಯೋ ಅವರಲ್ಲೇ ಇರತಕ್ಕದ್ದು, ಕಿತ್ತುಕೊಂಡವರು ಜೈಲಿಗೆ.

ಜೈಲು ಎಂಬ ಮಾತು ಕೇಳಿದ್ದೇ ಇಬ್ಬರ ಕೈಗಳೂ ಕೆಂಡ ಮುಟ್ಟಿದಂತೆ ಹಿಂದಕ್ಕೆ ಹೋದವು. ಗದೆ ಅಡಕೋಲೆಯ ಎದೆಗೆ ಒರಗಿತು.

"ನಾನು ಇದನ್ನ ಬೀರುವಿನಲ್ಲಿಟ್ಟು ಬಸ್‌ಸ್ಟ್ಯಾಂಡಿಗೆ ಹೋಗಿ ಬರ್ತೀನಿ," ಎಂದ.

"ಬೀರುವಿನಲ್ಲಿಟ್ರೆ ಬೀರುವಿನ ಸ್ವಾಧೀನ ಆಗುತ್ತೆ," ಎಂದ ಅಮೀನ. "ನಿನ್ನ ಸ್ವಾಧೀನ ಅಂದ್ರೆ ನಿನ್ನ ಕೈ."

"ಕೂತ್ಕೋಬಹುದಾ?"

"ಕೂರೋ ವಿಷಯ ಬರೆದಿಲ್ಲ. ಸಂಶಯ ಇದ್ರೆ ನಿಂತಿರೋದೇ ವಾಸಿ."

ಅಡಕೋಲೆ ನಿಂತ. ಒಂಬತ್ತಾಯಿತು, ಹತ್ತಾಯಿತು. ಕಾರ್ಯದರ್ಶಿ ಇಯೋರ್ಫ ಬಂದು ಬೈದು ಹೋದರು. ಸಭೆಯ ಪಕ್ಕದಲ್ಲಿ ಕ್ಯಾಂಟೀನು ನಡೆಸುವ ಮಾಮಾ ಎನೆ, ಅಂದರೆ ಎನೆ ಅಮ್ಮ, ಬಂದು ಅವನ ಬಾಯಿಗೆ ಎರಡು ಅಲಸಂದೆ ವಡೆ ಇಟ್ಟು ಹೋದಳು. ಅವಳು ಒಚಾನ್ಯಳ ತವರೂರಿನವಳು. ಅದಕ್ಕೇ ಅಡಕೋಲೆಯನ್ನು ಅಳಿಯಾ ಎಂದೇ ಕರೆಯುತ್ತಿದ್ದಳು. ಹನ್ನೆರಡಕ್ಕೆ ಸೊಕೋಟೊ ಬಸ್ಸು ಮೂರು ಸಲ ಹಾರ್ನ್ ಹೊಡೆದು ಹೊರಟದ್ದು ಕೇಳಿಸಿತು. ಅಡಕೋಲೆ ಕಾಲ ಬುಡದಲ್ಲಿದ್ದ ಒಣಮೀನಿನ ಡಬ್ಬಿ ನೋಡಿದ. ಕಣ್ಣೊರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ.

ಹನ್ನೆರಡೂವರೆಗೆ ನಾಲ್ಕು ಪೊಲೀಸ್ ಲಾರಿಗಳು ಬಂದವು. ಊರಿನ ಪೊಲೀಸರು ಯಾರ ಕಡೆ ವಾಲುತ್ತಾರೋ ಎಂಬ ಅನುಮಾನದಿಂದ ಅಬುಜದವರು ಹಿಂದಿನ ದಿನವೇ ದೂರದ ರಾಜ್ಯಗಳಿಂದ ಆಳು ಹೊರಡಿಸಿದ್ದರು. ಕಮಾಂಡರ್ ಗರ್ಬಾ ಎಂಬ ಮೀಸೆಯ ಮನುಷ್ಯ ಸಭೆಗೆ ಬೀಗಮುದ್ರೆ ಹಾಕಿಸಿ, ಗದೆ ಹಿಡಿದವನನ್ನೂ ಕ್ಯಾಂಟೀನಿನವರನ್ನೂ ಬಿಟ್ಟು ಮಿಕ್ಕವರನ್ನೆಲ್ಲ ಹೊರಗಟ್ಟಿ, ಗೇಟಿಗೆ ಕಾವಲು ನಿಲ್ಲಿಸಿದ. ನೆರಳಿನಲ್ಲಿ ಕೂರಬಹುದು ಎಂದು ಅಡಕೋಲೆಗೂ ಅಪ್ಪಣೆ ಕೊಟ್ಟ. ಅಡಕೋಲೆ ಗದೆಯನ್ನು ಹೆಗಲಿಗೇರಿಸಿ, ಮೀನಿನ ಡಬ್ಬಿ ಕಂಕುಳಲ್ಲಿಟ್ಟುಕೊಂಡು ಗೇಟಿನ ಪಕ್ಕದ ಮಾವಿನ ಮರದ ಕಡೆ ನಡೆದವನು ಅರ್ಧ ದಾರಿಯಲ್ಲಿ ನಿಂತುಬಿಟ್ಟ.

ಗೇಟಿನ ಎಡಗಂಬದ ಬಳಿ, ಬೆನ್ನು ನೆಟ್ಟಗೆ ಮಾಡಿಕೊಂಡು, ಟೋಪಿಯ ಕೆಳಗಿನಿಂದ ಬೆವರು ಇಳಿಸುತ್ತ ನಿಂತವಳು ಒಚಾನ್ಯ.

"ಒಚಾನ್ಯಾ!"

ಅವಳು ತಿರುಗಲಿಲ್ಲ. ತುಟಿ ಮಾತ್ರ ಅಲುಗಿತು. "ಕಿರುಚಬೇಡ್ವೋ. ಪಾಳಿಯಲ್ಲಿದ್ದೀನಿ. ಮರಕ್ಕೆ ಒರಗಿ ಕೂತ್ಕೊ, ಮರದ ಹತ್ರ ಮಾತಾಡೋ ಹಾಗೆ ಮಾತಾಡು."

ಅಡಕೋಲೆ ಮರದ ಹತ್ತಿರ ಮಾತಾಡಿದ. "ಯಾವಾಗ ಬಂದೆ? ಹೇಳಲೇ ಇಲ್ವಲ್ಲ?"

"ನಂಗೇ ಎಲ್ಲಿಗೆ ಅಂತ ಹೇಳಿರ್ಲಿಲ್ಲ. ಮಾರ್ಕೆಟ್ಟಿನ ಗಡಿಯಾರ ಕಂಡ ಮೇಲೇ ಗೊತ್ತಾಗಿದ್ದು. ಎದೆ ಎಷ್ಟು ಹೊಡ್ಕೊಳ್ತು ಅಂದ್ರೆ ಪಕ್ಕದವನು ಕಾಯಿಲೇನಾ ಅಂತ ಕೇಳ್ದ." ಓರೆಗಣ್ಣಿನಿಂದ ನೋಡಿ, "ಸೊರಗಿದ್ದೀಯ, ಅಡಾ," ಎಂದಳು.

"ನೀನಿಲ್ದೆ ಊಟ ಯಾರಿಗೆ ಸೇರುತ್ತೆ? ಮೀನು ತಂದಿದ್ದೀನಿ. ನಿಂಗೇ ಕಳಿಸ್ಬೇಕು ಅಂತಿದ್ದೆ."

ಕಂಬಿಯ ಸಂದಿಯಿಂದ ಡಬ್ಬಿ ಆಚೆ ಹೋಯಿತು. ಕಮಾಂಡರನಿಗೆ ಬೆನ್ನು ಮಾಡಿ ಒಚಾನ್ಯ ಒಂದು ಮೀನು ಬಾಯಿಗೆ ಹಾಕಿಕೊಂಡಳು. ಅವಳು ಅಗಿಯುವುದನ್ನು ಅಡಕೋಲೆ ಹಬ್ಬದ ಕುಣಿತ ನೋಡುವವನಂತೆ ಬಾಯಿಬಿಟ್ಟು ನೋಡಿದ.

"ಆರಕ್ಕೆ ಪಾಳಿ ಮುಗಿಯುತ್ತೆ. ಮನೆಗೆ ಬರ್ತೀನಿ. ನೀರು ಕಾಯಿಸಿಡು."

"ಎಷ್ಟು ದಿನ ಇರ್ತೀಯ?"

"ಇವರು ಕಿತ್ತಾಡ್ತಾ ಇರೋ ತನಕ. ಹೋದ ವರ್ಷ ಇನ್ನೊಂದು ರಾಜ್ಯದಲ್ಲಿ ಹೀಗೇ ಆಗಿ ಎಂಟು ತಿಂಗಳು ಇದ್ವಿ."

ಎಂಟು ತಿಂಗಳು! ಅಡಕೋಲೆಯ ಕಣ್ಣ ಮುಂದೆ ಕ್ಯಾಲೆಂಡರಿನ ಹಾಳೆಗಳು ಮೇಲಿಂದ ಕೆಳಗಿನವರೆಗೆ ಸುತ್ತು ತುಂಬಿಕೊಂಡು ಹಾರಿದವು. ಬೆಳಿಗ್ಗೆಯಿಂದ ಆ ಮೂರೂ ಕಡೆಯವರನ್ನು ಮನಸ್ಸಿನಲ್ಲೇ ಶಪಿಸಿದವನು ಈಗ ಒಬ್ಬೊಬ್ಬರನ್ನೇ ನೆನೆದು ಹರಸಿದ. ಗವರ್ನರರ ಹಟ ಗಟ್ಟಿಯಾಗಲಿ. ಅಗಾಬಾರ ಸಿಟ್ಟು ಆರದಿರಲಿ. ಕೋರ್ಟು ನಿಧಾನವಾಗಿ ಯೋಚಿಸಲಿ.

ಮೂರು ಗಂಟೆಗೆ ಇಯೋರ್ಫ ಏದುಸಿರು ಬಿಡುತ್ತ ಬಂದರು.

"ಅಡಕೋಲೆ, ಬದುಕಿದೆವು! ರಾಜಿ ಆಯ್ತು!"

"ಅಯ್ಯೋ," ಎಂದ ಅಡಕೋಲೆ.

"ಆರು ಗಂಟೆಯೊಳಗೆ ಸರಿಹೋಗದಿದ್ರೆ ದೇಶದ ಅಧ್ಯಕ್ಷರು ತುರ್ತುಪರಿಸ್ಥಿತಿ ಸಾರಿ ಗವರ್ನರ್, ಸಭೆ ಇಬ್ಬರನ್ನೂ ಮನೆಗೆ ಕಳಿಸ್ತಾರಂತೆ. ಅಬುಜದಿಂದ ಫೋನ್ ಬಂದದ್ದೇ ತಡ, ಇಬ್ಬರೂ ಅಣ್ಣತಮ್ಮ ಆಗಿಬಿಟ್ರು. ಭಾವಮೈದುನನಿಗೆ ಬೇರೆ ಏನೋ ಕೊಡ್ತಾರಂತೆ. ಕೋರ್ಟು ಆದೇಶ ವಾಪಸ್ ತಗೊಂಡಿದೆ. ನಾಲ್ಕೂವರೆಗೆ ಆದೇಶ ಕೊಟ್ಟಿದ್ದ ನ್ಯಾಯಾಧೀಶರೂ ಸೇರಿ ಮೂವರದ್ದೂ ನಮ್ಮ ಕ್ಯಾಂಟೀನಲ್ಲೇ ಊಟ. ಐದಕ್ಕೆ ಸಭೆ. ಐದೂವರೆಗೆ ಪೊಲೀಸರು ಲಾರಿ ಹತ್ತುತ್ತಾರೆ. ಗದೆ ರೆಡಿ ಇಟ್ಕೊ!"

ಇಯೋರ್ಫ ಕುರ್ಚಿಗಳ ಧೂಳು ಹೊಡೆಸಲು ಓಡಿದರು. ಅಡಕೋಲೆ ಗೇಟಿನ ಕಡೆ ನೋಡಿದ. ಒಚಾನ್ಯ ಯಾರೂ ನೋಡುತ್ತಿಲ್ಲವೆಂದು ಇನ್ನೊಂದು ಮೀನು ಬಾಯಿಗೆ ಹಾಕಿಕೊಳ್ಳುತ್ತಿದ್ದಳು. ಆರಕ್ಕೆ ಮನೆಗೆ ಬರುವ ಬದಲು ಐದೂವರೆಗೆ ಲಾರಿ ಹತ್ತುತ್ತಾಳೆ. ನೂರ ಹನ್ನೆರಡನೆಯ ಸುತ್ತು ಬೀಳುವುದಿಲ್ಲ.

ಹದಿನಾಲ್ಕು ವರ್ಷದ ನೌಕರಿಯಲ್ಲಿ ಅಡಕೋಲೆ ಸಭೆಯ ಒಂದು ಪೆನ್ಸಿಲನ್ನೂ ಮನೆಗೆ ಒಯ್ದವನಲ್ಲ. ಆದರೆ ಆ ಗಳಿಗೆಯಲ್ಲಿ ಅವನ ಕಾಲುಗಳು ಅವನನ್ನು ಕೇಳದೆಯೇ ಕ್ಯಾಂಟೀನಿನ ಹಿತ್ತಿಲಿಗೆ ನಡೆದವು. ಅಲ್ಲಿ ಗೋಡೆಗೆ ಆರು ಒನಕೆ ಒರಗಿದ್ದವು. ಹದ್ದಿಗೊಂದು ಹಳೆಯ ಬಟ್ಟೆ ಸುತ್ತಿ ಗದೆಯನ್ನು ಏಳನೆಯದಾಗಿ ನಿಲ್ಲಿಸಿದ. ವಾಪಸ್ ಬಂದು, "ಓಗಾ, ಗದೆ ಕಾಣ್ತಿಲ್ಲ! ಮೂತ್ರಕ್ಕೆ ಹೋಗಿ ಬರೋದ್ರೊಳಗೆ ಮಾಯ!" ಎಂದು ಬಾಯಿ ಬಡಿದುಕೊಂಡ.

ಇಯೋರ್ಫ ತಲೆಯ ಮೇಲೆ ಕೈ ಹೊತ್ತರು. ಕಮಾಂಡರ್ ಸೀಟಿ ಊದಿದ. ಪೊಲೀಸರು ಬೀರು, ಬಚ್ಚಲು, ನೀರಿನ ಟ್ಯಾಂಕು, ಸಭಾಧ್ಯಕ್ಷರ ಕಾರಿನ ಡಿಕ್ಕಿ ಎಲ್ಲ ಜಾಲಾಡಿದರು. ಒಳಗೊಳಗೇ ಖುಷಿಯಲ್ಲಿ ಅಡಕೋಲೆಯೂ ಅವರೊಂದಿಗೆ ಹುಡುಕುತ್ತ ಕ್ಯಾಂಟೀನಿನ ಕಿಟಕಿಯಲ್ಲಿ ಇಣುಕಿದವನು ಅಲ್ಲೇ ಕಲ್ಲಾದ.

ದೊಡ್ಡವರ ಊಟಕ್ಕೆ ಮಾಮಾ ಎನೆ ಗೆಣಸು ಬೇಯಿಸಿ ಒರಳಿಗೆ ಸುರಿದಿದ್ದಳು. ಕುಟ್ಟುತ್ತಿದ್ದವಳು ಅವಳ ಅಕ್ಕ. ಎರಡೂ ಕಣ್ಣಿಗೆ ಪೊರೆ ಬಂದ ಮುದುಕಿ. ಅವಳ ಕೈಯಲ್ಲಿ ರಾಜ್ಯ ಶಾಸನಸಭೆಯ ಗದೆ ಧುಪ್ ಧುಪ್ ಎಂದು ಏಳುತ್ತ ಬೀಳುತ್ತಿತ್ತು.

"ಈ ಒನಕೆ ಎಲ್ಲಿ ತಂದ್ಯೇ ತಂಗಿ? ಎಂಥಾ ಭಾರ! ಗಂಟೇ ಇಲ್ದ ಹಾಗೆ ಕುಟ್ಟುತ್ತೆ ನೋಡು."

ಮಾಮಾ ಎನೆ ಸಾರಿನ ಹೊಗೆಯಲ್ಲಿ ಮುಖ ಮುಳುಗಿಸಿಕೊಂಡು, "ಕುಟ್ಟಕ್ಕಾ, ಸುಮ್ನೆ ಕುಟ್ಟು, ಹೊತ್ತಾಯ್ತು," ಎಂದಳು.

ಒಂದೊಂದು ಏಟೂ ಅಡಕೋಲೆಯ ತಲೆಯ ಮೇಲೇ ಬಿದ್ದಂತಾಗುತ್ತಿತ್ತು. ಬೇಡ ಎಂದು ಕೂಗಿದರೆ ಗದೆ ಸಿಕ್ಕುತ್ತದೆ. ಗದೆ ಸಿಕ್ಕರೆ ಲಾರಿ ಹೊರಡುತ್ತದೆ. ಅವನು ಕಣ್ಣು ಮುಚ್ಚಿಕೊಂಡು ಕಿಟಕಿಯಿಂದ ಸರಿದ.

ಗದೆ ಇಲ್ಲದಿದ್ದರೂ ಊಟ ನಿಲ್ಲಲಿಲ್ಲ. ಗವರ್ನರ್, ಅಗಾಬಾ, ನ್ಯಾಯಾಧೀಶರು ಒಂದೇ ಮೇಜಿಗೆ ಕೂತರು. ಗವರ್ನರ್ ಮುದ್ದೆ ಮುರಿದು ಎಗುಸಿ ಸಾರಿನಲ್ಲಿ ಅದ್ದಿ ನುಂಗಿ, "ಆಹಾ, ಬೆಣ್ಣೆ!" ಎಂದರು. ಎರಡನೆಯ ತುತ್ತಿಗೆ ಹುಬ್ಬು ಗಂಟಿಕ್ಕಿ ಬಾಯಿಯಿಂದ ಏನನ್ನೋ ತೆಗೆದರು. ಉಗುರಗಲದ ಚಕ್ಕೆ. ಚಿನ್ನದ ಬಣ್ಣ.

"ಅಗಾಬಾ, ನಿನ್ನ ಕ್ಯಾಂಟೀನಲ್ಲಿ ಮುದ್ದೆಗೆ ಚಿನ್ನ ಹಾಕ್ತಾರಾ?"

ಅಗಾಬಾ ತಮ್ಮ ತಟ್ಟೆ ನೋಡಿಕೊಂಡರು. ಅವರಿಗೆ ಮೂರು ಚಕ್ಕೆ ಸಿಕ್ಕಿತ್ತು. ಕಮಾಂಡರ್ ಗರ್ಬಾ ಒಂದು ಮಾತೂ ಆಡದೆ ಅಡುಗೆಮನೆಗೆ ಹೋಗಿ, ಬುಡಕ್ಕೆ ಗೆಣಸು ಮೆತ್ತಿದ ಗದೆಯನ್ನೂ ಅದನ್ನು ಬಿಡಲೊಲ್ಲದೆ ಜೋತುಬಿದ್ದಿದ್ದ ಮುದುಕಿಯನ್ನೂ ಹೊರಗೆ ಎಳೆತಂದ.

"ಈಕೆಯೇ ಕಳ್ಳಿ. ಬೇಡಿ ಹಾಕಿ."

"ಒನಕೆ ಬೇಕಾದ್ರೆ ಕೇಳಿ ತಗೋಬಾರ್ದಾ ಮಗಾ? ಕೈ ಯಾಕೆ ತಿರುವ್ತೀಯ?" ಎಂದು ಮುದುಕಿ ಅಳತೊಡಗಿದಳು.

ಅಡಕೋಲೆಗೆ ತಡೆಯಲಾಗಲಿಲ್ಲ. ಎರಡು ಹೆಜ್ಜೆ ಮುಂದೆ ಬಂದ. ಗೇಟಿನ ಬಳಿಯಿಂದ ಒಚಾನ್ಯ ಅವನನ್ನೇ ನೋಡುತ್ತ ತಲೆ ಅಲ್ಲಾಡಿಸುತ್ತಿದ್ದಳು. ಎಂಥಾ ಗಂಡ ನನ್ನವನು ಎಂದು ಹೆಮ್ಮೆಪಡುತ್ತಿದ್ದಾಳೆ ಎಂದು ಅವನಿಗೆ ಎದೆ ಉಬ್ಬಿತು.

"ಆ ಅಜ್ಜೀನ ಬಿಡಿ, ಓಗಾ. ಅಡಗಿಸಿದವನು ನಾನು."

"ಸಾರ್ಜೆಂಟ್!" ಎಂದು ಕಮಾಂಡರ್ ಗುಡುಗಿದ. "ಇವನಿಗೆ ಬೇಡಿ ಹಾಕು. ಗದೆಗೆ ಇವನೇ ಸಾಕ್ಷಿ, ಇವನೇ ಆರೋಪಿ. ಪ್ರಕರಣ ಮುಗಿಯೋ ತನಕ ಹಗಲೂ ರಾತ್ರಿ ಇವನ ಪಕ್ಕ ಬಿಟ್ಟು ಕದಲಬಾರದು."

ಒಚಾನ್ಯ ಬಂದು ಬೇಡಿ ತೊಡಿಸಿದಳು. ಒಂದು ಬಳೆ ಅವನ ಕೈಗೆ, ಇನ್ನೊಂದು ತನ್ನ ಕೈಗೆ. ಹನ್ನೊಂದು ತಿಂಗಳ ಮೇಲೆ ಅವಳ ಬೆರಳು ಅವನ ಬೆರಳಿಗೆ ತಾಗಿತು. ಒರಟಾಗಿತ್ತು, ಬೆಚ್ಚಗಿತ್ತು, ಒಣಮೀನಿನ ವಾಸನೆ ಬರುತ್ತಿತ್ತು. ಹಗಲೂ ರಾತ್ರಿ! ಮದುವೆಯ ದಿನ ಪಾದ್ರಿ ಕೂಡ ಇಷ್ಟು ಸ್ಪಷ್ಟವಾಗಿ ಹೇಳಿರಲಿಲ್ಲ.

ಇತ್ತ ಮೇಜಿನ ಹತ್ತಿರ ದನಿ ಏರತೊಡಗಿತ್ತು.

"ರಾಜ್ಯದ ಆಸ್ತಿಯ ಕಳವು," ಎಂದರು ಗವರ್ನರ್. "ನನ್ನ ಸರ್ಕಾರ ಇವನ ಮೇಲೆ ಮೊಕದ್ದಮೆ ಹೂಡುತ್ತೆ."

"ಹೂಡೋಕೆ ನೀವ್ಯಾರು? ಇದು ಸಭೆಯ ಹಕ್ಕುಚ್ಯುತಿ! ಇವನನ್ನ ವಿಚಾರಿಸೋದು ಸಭೆ!" ಎಂದರು ಅಗಾಬಾ.

"ನನ್ನ ಆದೇಶ ವಾಪಸಾಗೋ ಮುಂಚೆ ಅಡಗಿಸಿದ್ದರೆ ಇದು ನ್ಯಾಯಾಂಗ ನಿಂದನೆ," ಎಂದರು ನ್ಯಾಯಾಧೀಶರು ಕೈ ನೆಕ್ಕುತ್ತ. "ಇವನು ನನ್ನವನು."

ಗವರ್ನರ್ ತಟ್ಟೆ ತಳ್ಳಿ ಎದ್ದರು. ಅಗಾಬಾ ಕುರ್ಚಿ ತಳ್ಳಿ ಎದ್ದರು. ಹತ್ತು ನಿಮಿಷದಲ್ಲಿ ರಾಜಿ ಪುಡಿಪುಡಿಯಾಯಿತು. ಕಮಾಂಡರ್ ಅಬುಜಕ್ಕೆ ಫೋನ್ ಮಾಡಿ, "ಹೌದು ಸರ್, ಹೌದು ಸರ್," ಎಂದು ಹನ್ನೆರಡು ಸಲ ಹೇಳಿ ಬಂದ. ತುರ್ತುಪರಿಸ್ಥಿತಿ ಸಾರುವುದು ಬಾಯಿಮಾತಿನ ಬೆದರಿಕೆಯಷ್ಟು ಸುಲಭವಿರಲಿಲ್ಲವಂತೆ. ಅದಕ್ಕೆ ಸಂಸತ್ತಿನ ಒಪ್ಪಿಗೆ ಬೇಕು, ಸಂಸತ್ತಿಗೆ ರಜೆ. ಅಲ್ಲಿಯವರೆಗೆ ಪೊಲೀಸರು ಒಕ್ಪಾರೆಯಲ್ಲೇ.

"ಎಷ್ಟು ದಿನ ಸರ್?" ಎಂದು ಯಾವನೋ ಕೇಳಿದ.

"ಮೂರು ತಿಂಗಳಿಗೆ ಕಡಿಮೆ ಇಲ್ಲ."

ಮೂರು ತಿಂಗಳು! ಅಡಕೋಲೆ ಬೇಡಿಯ ಕೈಯಿಂದಲೇ ಒಚಾನ್ಯಳ ಕೈ ಅದುಮಿದ. ಅವಳು ಯಾಕೋ ಅದುಮಲಿಲ್ಲ.

ಕಮಾಂಡರ್ ಪುಸ್ತಕ ತೆರೆದ. "ಆರೋಪಿಯ ಹೆಸರು?"

"ಅಡಕೋಲೆ ಒಗೆಬೆ," ಎಂದ ಅಡಕೋಲೆ ಉತ್ಸಾಹದಿಂದ.

"ಕಾವಲಿಗೆ... ಸಾರ್ಜೆಂಟ್ ಒಚಾನ್ಯ ಒಗೆಬೆ." ಬರೆಯುತ್ತ ಬರೆಯುತ್ತ ಕಮಾಂಡರನ ಪೆನ್ನು ನಿಂತಿತು. ಮೇಲಿನ ಸಾಲು ನೋಡಿದ, ಕೆಳಗಿನ ಸಾಲು ನೋಡಿದ, ಆಮೇಲೆ ಒಂದೇ ಬೇಡಿಯಲ್ಲಿ ನಿಂತ ಇಬ್ಬರನ್ನೂ ನೋಡಿದ. "ಇವನು ನಿನಗೇನಾಗಬೇಕು?"

"ಗಂಡ, ಸರ್," ಎಂದಳು ಒಚಾನ್ಯ ನೆಲ ನೋಡುತ್ತ.

ಆರೋಪಿಯ ನೆಂಟರು ಆ ಪ್ರಕರಣದ ಹತ್ತಿರವೂ ಸುಳಿಯಬಾರದು, ಆ ಊರಿನಲ್ಲೂ ಇರಬಾರದು. ನಿಯಮ ಅಬುಜದ್ದು, ಗರ್ಬಾನ ಕೈಯಲ್ಲಿ ಏನೂ ಇರಲಿಲ್ಲ. ಹಾಗೆಂದು ಅವನೇ ಹೇಳಿದ, ಸ್ವಲ್ಪ ಬೇಸರದಿಂದಲೇ ಹೇಳಿದ. ನೂರು ಜನ ಪೊಲೀಸರು ಶಾಲೆಯ ಕೋಣೆಗಳಲ್ಲಿ ಚಾಪೆ ಬಿಡಿಸತೊಡಗಿದರು. ಒಬ್ಬಳಿಗಾಗಿ ಒಂದು ಜೀಪು ತಿರುಗಿ ನಿಂತಿತು.

"ಯಾಕೋ ಮುಂದೆ ಬಂದೆ?" ಒಚಾನ್ಯ ಬೇಡಿ ಬಿಚ್ಚುತ್ತ ಪಿಸುಗುಟ್ಟಿದಳು. "ಬೇಡ ಬೇಡ ಅಂತ ಅಷ್ಟು ತಲೆ ಅಲ್ಲಾಡಿಸಿದ್ನಲ್ಲೋ!"

"ಹೆಮ್ಮೆಯಿಂದ ಅಲ್ಲಾಡಿಸ್ತಿದ್ದೀಯ ಅಂದ್ಕೊಂಡೆ."

ಅವಳಿಗೆ ನಗು ಬಂತು. ನಗುತ್ತಲೇ ತೋಳಿನಲ್ಲಿ ಕಣ್ಣೊರೆಸಿಕೊಂಡಳು. "ಹೆಮ್ಮೇನೂ ಇತ್ತು ಬಿಡು," ಎಂದಳು. ಜೀಪು ಮಾರ್ಕೆಟ್ಟಿನ ಗಡಿಯಾರದ ಹತ್ತಿರ ತಿರುಗುವವರೆಗೂ ಅವಳ ಟೋಪಿ ಇತ್ತ ಕಡೆಗೇ ಇತ್ತು. ಗಂಟೆ ಸರಿಯಾಗಿ ಆರು.

ಅವಳ ಜಾಗಕ್ಕೆ ಬಂದವನು ಉದ್ದನೆಯ, ಉಬ್ಬುಹಲ್ಲಿನ ಪೇದೆ. ಅಡಕೋಲೆಯ ಕೈಗೆ ತನ್ನ ಕೈ ಸೇರಿಸಿ ಬೇಡಿ ಹಾಕಿಕೊಂಡು, ಮಾವಿನ ಮರದ ಕೆಳಗೆ ಪಕ್ಕದಲ್ಲೇ ಕೂತ. ಅತ್ತಿತ್ತ ನೋಡಿ, ತಡೆಯಲಾರದೆ ಕಿವಿಯ ಹತ್ತಿರ ಬಾಗಿದ.

"ಅಣ್ಣಾ, ಬೇಜಾರು ಮಾಡ್ಕೋಬೇಡ. ನಿನ್ನಿಂದ ನಾವು ಮೂರು ತಿಂಗಳು ಇಲ್ಲೇ ಉಳಿದ್ವಿ, ನಂಗೆ ದೊಡ್ಡ ಉಪಕಾರ ಆಯ್ತು. ನನ್ನ ಹೆಂಡ್ತಿ ಇದೇ ಊರಿನ ಆಸ್ಪತ್ರೇಲಿ ದಾದಿ. ರಾಜ್ಯ ಸರ್ಕಾರದ ನೌಕರಿ. ಅವಳನ್ನ ನೋಡಿ ಎರಡು ವರ್ಷ ಆಯ್ತು."